ವಾಸಯೋಗ್ಯವಾಗುವವರೆಗೆ

ಮನೆಗೆ ಬೆಂಕಿ ಬಿತ್ತಲ್ಲ ಎನ್ನುವುದಕ್ಕಿಂತ, ಬೆಂಕಿ ಬಿದ್ದ ಮೇಲೂ ಯಾರೊಬ್ಬರೂ "ನಮ್ಮನೆಗೆ ಬನ್ನಿ" ಎನ್ನಲಿಲ್ಲವಲ್ಲ ಎಂಬುದೇ ಪ್ರೊಫೆಸರಮ್ಮನ ದೂರು. ಆದರೆ ಅದನ್ನು ಯಾರ ಮುಂದೆಯೂ ಬಾಯಿ ಬಿಟ್ಟು ಹೇಳುವಂತಿರಲಿಲ್ಲ. ತಪ್ಪು ಅವರದೇ.

ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸಿ ನಿವೃತ್ತರಾದವರು. ಒಂಟಿ ಜೀವ, ಸ್ವಂತ ಮನೆ. ಆ ಮನೆಗೆ ವಿಮೆ ಮಾಡಿಸುವಾಗ ಒಂದು ವಿಶೇಷ ಷರತ್ತನ್ನೂ ಸೇರಿಸಿದ್ದರು: ಅನಾಹುತವಾಗಿ ಮನೆ ವಾಸಕ್ಕೆ ಬಾರದಂತಾದರೆ, ಅದು ಮತ್ತೆ ವಾಸಯೋಗ್ಯವಾಗುವವರೆಗೆ ಹೋಟೆಲಿನ ಖರ್ಚು ಕಂಪನಿಯದು.

"ಅದಕ್ಕೆ ಯಾಕಕ್ಕ ದುಡ್ಡು ಸುರೀತೀಯ? ನಮ್ಮನೆ ಇಲ್ವಾ?" ಎಂದಿದ್ದ ತಮ್ಮ.

"ನಿಮ್ಮನೇಲಾ? ಸೋಫಾ ಮೇಲೆ ಮುದುಡಿ ಮಲಗಿ, ನಿನ್ನ ಗೊರಕೆ, ನಿನ್ನ ಹೆಂಡತಿ ಸೀರಿಯಲ್ಲು ಎರಡನ್ನೂ ಕೇಳ್ತಾ? ನಾನು ಯಾರ ಹಂಗ್ನಲ್ಲೂ ಇರೋಳಲ್ಲ ಕಣೋ!"

ಆಮೇಲೆ ನಾಲ್ಕು ಜನ ನೆಂಟರು ಸೇರಿದಲ್ಲೆಲ್ಲ ಈ ಷರತ್ತಿನ ಮೇಲೆ ಉಪನ್ಯಾಸ. (ಬೆಂಕಿ ಬಿದ್ದದ್ದೂ ಹಾಗೆಯೇ. ಇಸ್ತ್ರಿ ಪೆಟ್ಟಿಗೆ ಆರಿಸದೆ, ದೂರದ ಸಂಬಂಧಿಯೊಬ್ಬಳಿಗೆ ಫೋನಿನಲ್ಲಿ ಅದೇ ಷರತ್ತನ್ನು ವಿವರಿಸುತ್ತಿದ್ದರು.) ಅರ್ಧ ಮನೆ ಸುಟ್ಟಿತು. ಉಳಿದರ್ಧವನ್ನು ಅಗ್ನಿಶಾಮಕ ದಳದವರು ತೋಯಿಸಿದರು.

ನೆಂಟರೆಲ್ಲ ಓಡಿ ಬಂದರು. "ನಿಮಗೇನು ಬಿಡಿ, ಕಂಪನಿ ಇದೆ" ಎಂದು ಸಮಾಧಾನಪಟ್ಟುಕೊಂಡು ಹೋದರು. ತಮ್ಮನ ಹೆಂಡತಿ "ಅತ್ತಿಗೆ..." ಎಂದು ಬಾಯಿ ತೆರೆದಳು, ಗಂಡನ ಮುಖ ನೋಡಿ ಮುಚ್ಚಿಕೊಂಡಳು. ತಮ್ಮ ಹೋಟೆಲಿನವರೆಗೆ ಪೆಟ್ಟಿಗೆ ಹೊತ್ತು ತಂದ. "ರೂಮು ಚೆನ್ನಾಗಿದೆ ಅಕ್ಕ" ಎಂದ. ನಿಂತ. ಹೋದ.

ರೂಮು ನಿಜಕ್ಕೂ ಚೆನ್ನಾಗಿತ್ತು. ಗದರಿಸಲು ಒಂದು ಕಾರಣವೂ ಸಿಗದಷ್ಟು. ವಾಕಿಂಗ್ ಮುಗಿಸಿ ಬರುವಷ್ಟರಲ್ಲಿ ಯಾರೋ ಬಂದು ಹಾಸಿಗೆ ಸರಿ ಮಾಡಿ ಹೋಗಿರುತ್ತಿದ್ದರು. ಆ ಯಾರೋ ಯಾರೆಂದು ಕಣ್ಣಿಗೆ ಬೀಳಲೇ ಇಲ್ಲ. ಊಟಕ್ಕೆ ಕೂತರೆ ಸಪ್ಲೈಯರ್ "ಒಬ್ಬರೇನಾ ಮೇಡಂ?" ಎಂದು ಪ್ರತಿಸಲ ಕೇಳಿ, ಎದುರಿನ ತಟ್ಟೆ, ಲೋಟ ಎತ್ತಿಕೊಂಡು ಹೋಗುತ್ತಿದ್ದ. ಮನೆಯಲ್ಲೂ ಅವರು ಒಬ್ಬರೇ ಉಣ್ಣುತ್ತಿದ್ದುದು. ಆದರೆ ಅಲ್ಲಿ ಎತ್ತಿಡಬೇಕಾದ ಎರಡನೆಯ ತಟ್ಟೆ ಇರಲಿಲ್ಲ.

ಮಾತಾಡಲು ಉಳಿದವನು, ಮನೆ ರಿಪೇರಿಗೆ ಕಂಪನಿ ಹಚ್ಚಿದ್ದ ಮೇಸ್ತ್ರಿ ಒಬ್ಬನೇ. ಕಿವಿ ಮಂದವಾದ್ದರಿಂದ ಪ್ರೊಫೆಸರಮ್ಮ ಫೋನಿನ ಸ್ಪೀಕರ್ ಹಾಕಿಯೇ ಕೂಗಾಡುವುದು.

"ಎಲ್ಲಿಗೆ ಬಂತಯ್ಯಾ ನನ್ನ ಮನೆ?"

"ಗೋಡೆ ಒಣಗ್ಬೇಕಲ್ಲಮ್ಮ."

"ನಿನ್ನ ಗೋಡೆ ಒಣಗೋದ್ರೊಳಗೆ ನಾನೇ ಒಣಗಿಹೋಗ್ತೀನಿ! ಕಂಪನಿಗೆ ದೂರು ಕೊಡ್ತೀನಿ ನೋಡು!"

ಕೊಟ್ಟೇಬಿಟ್ಟರು.

ಆಮೇಲೆ ಒಂದು ಮಧ್ಯಾಹ್ನ ಆ ಎರಡನೆಯ ತಟ್ಟೆ ಎದ್ದುಹೋದದ್ದೇ, ಇವರೂ ಎದ್ದರು. ಪೆಟ್ಟಿಗೆ ಕಟ್ಟಿದರು. ತಮ್ಮನ ಮನೆಯ ಬಾಗಿಲಲ್ಲಿ ನಿಂತು, "ಹೋಟ್ಲಲ್ಲಿ ಲಿಫ್ಟ್ ಕೆಟ್ಟಿದೆ" ಎಂದು ಘೋಷಿಸಿದರು.

"ನಿನ್ನ ರೂಮು ಕೆಳಗಡೇನೇ ಅಲ್ವೇನಕ್ಕ?" ಎಂದ ತಮ್ಮ. (ತರ್ಕಶಾಸ್ತ್ರ ಕಲಿತದ್ದು ಅಕ್ಕ, ಉಪಯೋಗಕ್ಕೆ ಬಂದದ್ದು ತಮ್ಮನಿಗೆ.)

"ಸುಮ್ನಿರ್ರೀ! ಲಿಫ್ಟ್ ಕೆಟ್ರೆ ಕೆಟ್ಟಿದ್ದೇ" ಎಂದು ಹೆಂಡತಿ ಪೆಟ್ಟಿಗೆ ಕಸಿದುಕೊಂಡು ಒಳಗಿನ ಚಿಕ್ಕ ಕೋಣೆ ತೆರೆದಳು. ಮಂಚ, ಮಡಿಸಿಟ್ಟ ಹೊದಿಕೆ, ಓದಲು ದೀಪ. "ಬೆಂಕಿ ಬಿದ್ದ ದಿನವೇ ಜೋಡ್ಸಿಟ್ಟಿದ್ದೆ ಅತ್ತಿಗೆ. ಕರೆದ್ರೆ ಆ ಷರತ್ತು ಹೇಳಿ ಮುಖಕ್ಕೆ ಹೊಡ್ದಂಗೆ ಮಾಡ್ತಾಳೆ, ಬೇಡ ಅಂತ ಇವರೇ ಬಾಯಿ ಮುಚ್ಚಿಸಿದ್ರು."

ಪ್ರೊಫೆಸರಮ್ಮ ಮಂಚದ ಮೇಲೆ ಕೂತು ದಿಂಬನ್ನು ಒತ್ತಿ ನೋಡಿದರು.

"ದಿಂಬು ಎತ್ತರ ಆಯ್ತು" ಎಂದರು.

ಅಂದು ಸಂಜೆ ಕುರ್ಚಿಯಲ್ಲೇ ತೂಕಡಿಸಿದ ತಮ್ಮನ ಗೊರಕೆಯನ್ನು ಬೈದರು, ಸೀರಿಯಲ್ಲನ್ನು ಬೈದರು, ಪಲ್ಯಕ್ಕೆ ಉಪ್ಪು ಸಾಲದೆಂದು ಎರಡು ಸಲ ಬಡಿಸಿಕೊಂಡರು. ಕೈ ತೊಳೆಯುವಷ್ಟರಲ್ಲಿ ಫೋನು ಬಂತು. ಕಂಪನಿಯ ಅಧಿಕಾರಿ.

"ಮೇಡಂ, ಒಳ್ಳೇ ಸುದ್ದಿ! ನಿಮ್ಮ ದೂರು ಬಂದಿದ್ದೇ ತಡ, ಮೇಸ್ತ್ರಿ ಬೆನ್ನು ಹತ್ತಿ ಕೆಲಸ ಮುಗಿಸ್ದೆವು. ನಾಳೆಯಿಂದ ನಿಮ್ಮ ಮನೆ ವಾಸಯೋಗ್ಯ!"

"ಗೋಡೆ?"

"ಒಣಗಿದೆ ಮೇಡಂ."

"ಬಣ್ಣದ ವಾಸನೆ?"

"ಚೂರೂ ಇಲ್ಲ."

ಪ್ರೊಫೆಸರಮ್ಮ ಗೋಡೆಯ ಕಡೆ ತಿರುಗಿ ನಿಂತರು. "ಇನ್ನೊಂದು ಕೋಟು ಬಳೀರಿ."

"ಅದು ಷರತ್ತಲ್ಲಿ ಬರಲ್ಲ ಮೇಡಂ."

"ಷರತ್ತಿಗೆ ಬೆಂಕಿ ಹಾಕ! ನಾನೇ ದುಡ್ಡು ಕೊಡ್ತೀನಿ. ಮೇಸ್ತ್ರಿಗೆ ಹೇಳಿ, ಅವಸರ ಏನೂ ಇಲ್ಲ ಅಂತ."

ಫೋನು ಇಟ್ಟು, ಗಂಟಲು ಸರಿಮಾಡಿಕೊಂಡು ತಿರುಗಿದರು. "ಮೇಸ್ತ್ರಿ ಫೋನು. ಗೋಡೆ ಇನ್ನೂ ಹಸಿಯಂತೆ. ಸೋಮಾರಿಗಳು!"

ತಮ್ಮ ತಟ್ಟೆಯೊಳಗೆ ಮುಖ ಹುದುಗಿಸಿ ಕೆಮ್ಮಿದ. ಆಗ ಹೊಳೆಯಿತು ಪ್ರೊಫೆಸರಮ್ಮನಿಗೆ, ಸ್ಪೀಕರ್ ಹಾಕಿಯೇ ಇತ್ತು.

ತಮ್ಮನ ಹೆಂಡತಿ ಮಾತ್ರ ಏನೂ ಕೇಳಿಸದವಳಂತೆ ಟಿವಿಯ ಸದ್ದು ತಗ್ಗಿಸಿದಳು. "ಪಾಪ, ನಿಧಾನಕ್ಕೇ ಒಣಗ್ಲಿ ಬಿಡಿ ಅತ್ತಿಗೆ" ಎಂದಳು. "ನಾಳೆ ಚಿಕ್ಕ ದಿಂಬು ತರೋಣ."