ಸಕ್ಕರೆ ಇಳಿದಾಗ ಕುದುರಿದ ಸಂಬಂಧ

ಸಕ್ಕರೆ ಕಾಯಿಲೆಯವನು ‘ಸಕ್ಕರೆ ಕಡಿಮೆಯಾಗಿ ಸಂಕಟವಾಗುತ್ತಿದೆ’ ಎಂದರೆ ಯಾರೂ ನಂಬುವುದಿಲ್ಲ. ಲಾಡು ತಿನ್ನಲು ಹೊಸ ನೆಪ ಹುಡುಕಿದ್ದಾನೆ ಎಂದುಕೊಳ್ಳುತ್ತಾರೆ. ಅವರನ್ನೇಕೆ ದೂರಲಿ, ನಾನೂ ಹಾಗೇ ಅಂದುಕೊಂಡಿದ್ದವನು. ನಾರಾಯಣಪೇಟೆಯ ಡಾಕ್ಟರು ಮಾತ್ರೆ ಬರೆದುಕೊಟ್ಟು, ಇದನ್ನು ನುಂಗಿದ ಮೇಲೆ ಊಟ ತಪ್ಪಿಸಬೇಡಿ, ಬೆವರು, ನಡುಕ, ವಿನಾಕಾರಣ ಸಿಟ್ಟು ಬಂದರೆ ತಡಮಾಡದೆ ಸಕ್ಕರೆ ಬಾಯಿಗೆ ಹಾಕಿಕೊಳ್ಳಿ ಎಂದಿದ್ದರು. ನಾನು ತಲೆಯಾಡಿಸಿ ಎದ್ದು ಬಂದಿದ್ದೆ. ಮಕ್ತಲ್ ಕಡೆಯ ಕನ್ನಡ ಶಾಲೆಯಲ್ಲಿ ಇಪ್ಪತ್ತೈದು ವರ್ಷ ಲೆಕ್ಕ ಕಲಿಸಿದವನಿಗೆ ಸಿಟ್ಟು ಬರುವುದು ಕಾಯಿಲೆಯ ಲಕ್ಷಣ ಹೇಗಾದೀತು?

ಆಗ ಮಗಳು ಸಾವಿತ್ರಿಗೆ ಗದ್ವಾಲದ ಸಂಬಂಧ ಬಂದಿತ್ತು. ಹುಡುಗ ಬಂದು ನೋಡಿ ಹೋಗಿದ್ದ. ಸಾವಿತ್ರಿಗೂ ಅವನು ಹಿಡಿಸಿದ್ದ. ಇನ್ನು ನಾವು ಹೋಗಿ ಅವರ ಮನೆ ನೋಡಬೇಕಿತ್ತು. ಹೊರಡುವ ಮುಂಚೆ ನನ್ನ ಹೆಂಡತಿ ಶರಣಮ್ಮ ಎರಡು ಆಜ್ಞೆ ಮಾಡಿದಳು. ನನ್ನ ಕಾಯಿಲೆಯ ಸುದ್ದಿ ಎತ್ತಕೂಡದು, ನಾಳೆ ಮಗಳಿಗೂ ಬರುತ್ತದೆ ಎಂದು ಅವರು ಹಿಂಜರಿದಾರು. ಅಲ್ಲೇ ಒಪ್ಪಿಗೆಯನ್ನೂ ಕೊಡಕೂಡದು, ಮನೆಗೆ ಬಂದು ಯೋಚಿಸಿ ಹೇಳೋಣ. ಎರಡನೆಯ ಆಜ್ಞೆ ನನಗೂ ಇಷ್ಟವೇ. ಹೊಸ ರಾಜ್ಯದಲ್ಲಿ ಜಿಲ್ಲೆ ಹಂಚುವಾಗ ಗದ್ವಾಲವನ್ನು ಜಿಲ್ಲೆ ಮಾಡಿ ನಮ್ಮ ನಾರಾಯಣಪೇಟೆಯನ್ನು ಕಾಯಲು ಬಿಟ್ಟಿದ್ದರು. ಆ ಹೊಟ್ಟೆಯುರಿ ನನ್ನಲ್ಲಿ ಇನ್ನೂ ಆರಿರಲಿಲ್ಲ. ಬೀಗರ ಮನೆಯ ಊಟ ಭಾರಿಯಾಗಿರುತ್ತದೆ ಎಂದು ಬೆಳಗಿನ ರೊಟ್ಟಿ ಬಿಟ್ಟು, ಮಾತ್ರೆಯನ್ನು ಮಾತ್ರ ಬಿಡದೆ ನುಂಗಿ ಬಸ್ಸು ಹತ್ತಿದೆ.

ಹುಡುಗನ ತಂದೆ ವಿರುಪಣ್ಣ ಹತ್ತಿಬೀಜದ ವ್ಯಾಪಾರಿ, ಮೆದು ಮಾತಿನ ಮನುಷ್ಯ. ಚಹಾ ಬಂತು. ನಾನು ಬಾಯಿ ತೆರೆಯುವ ಮೊದಲೇ ಶರಣಮ್ಮ, “ಇವರಿಗೆ ಸಕ್ಕರಿ ಹಾಕಬ್ಯಾಡ್ರಿ. ಮೈಲಾರಲಿಂಗಗ ಹರಕಿ ಹೊತ್ತಾರ, ಒಂದು ವರ್ಷ ಸಿಹಿ ಮುಟ್ಟಂಗಿಲ್ಲ” ಎಂದಳು. ವಿರುಪಣ್ಣನ ತಾಯಿ, ಎಂಬತ್ತರ ಅಜ್ಜಿ, ನನಗೆ ಕೈಯೆತ್ತಿ ಮುಗಿದರು. ನಾನೂ ಸಾಧ್ಯವಾದಷ್ಟು ಭಕ್ತನ ಮುಖ ಮಾಡಿಕೊಂಡು ಸಪ್ಪೆ ಚಹಾ ಕುಡಿದೆ.

ವಿರುಪಣ್ಣನ ಅಣ್ಣ ಇಟಿಕ್ಯಾಲದಿಂದ ಬರಬೇಕು, ಅವರು ಬಂದ ಮೇಲೇ ಊಟ ಎಂದಾಯಿತು. ಅವರ ಮೋಟರ್ ಸೈಕಲ್ಲು ದಾರಿಯಲ್ಲಿ ಪಂಕ್ಚರ್ ಆಗಿತ್ತಂತೆ. ಹನ್ನೆರಡು ಒಂದಾಯಿತು, ಒಂದು ಎರಡಾಯಿತು. ನನ್ನ ಅಂಗೈ ಒದ್ದೆಯಾಯಿತು. ಮಾತುಗಳು ಬಾವಿಯೊಳಗಿಂದ ಬಂದಂತೆ ಕೇಳತೊಡಗಿದವು. ಅದೇ ಹೊತ್ತಿಗೆ ವಿರುಪಣ್ಣ, ಜಿಲ್ಲೆಯಾದ ಮೇಲೆ ಕಲೆಕ್ಟರ್ ಕಚೇರಿ ಹತ್ತಿರವಾಯಿತು ನೋಡಿ ಎಂದು ಪಾಪ, ಮಾತಿಗೆ ಹೇಳಿದರು.

“ಜಿಲ್ಲಾ ಆಗಿ ನಿಮ್ಮ ಗದ್ವಾಲ ಏನು ಕಡಿದು ಗುಡ್ಡಿ ಹಾಕೈತ್ರಿ?” ಎಂದೆ. ಧ್ವನಿ ನನ್ನದೇ. ಅಷ್ಟಕ್ಕೇ ನಿಲ್ಲಲಿಲ್ಲ. ನಮ್ಮ ನಾರಾಯಣಪೇಟೆ ಸೀರೆಯ ಮುಂದೆ ಗದ್ವಾಲದ ಸೀರೆ ಕಿಟಕಿ ಪರದೆಗೆ ಲಾಯಕ್ಕು ಎಂದೂ ಹೇಳಿದೆ. ನಮಗಾಗಿ ಹೊಸ ಗದ್ವಾಲ ಸೀರೆ ಉಟ್ಟುಕೊಂಡಿದ್ದ ಹುಡುಗನ ತಾಯಿ ಸೆರಗನ್ನು ಮೆಲ್ಲಗೆ ಮಡಿಲಿಗೆ ಎಳೆದುಕೊಂಡರು. ಶರಣಮ್ಮ ತೊಡೆ ಚಿವುಟಿದಳು. ನನಗೆ ತಿಳಿಯಲೇ ಇಲ್ಲ.

ಮೊಣಕಾಲು ನಡುಗಿದಾಗ ಡಾಕ್ಟರ ಮಾತು ನೆನಪಾಗಿ ನಿಜವಾಗಿ ಹೆದರಿದೆ. ಸಕ್ಕರೆ ಕೇಳೋಣವೆಂದರೆ ಹರಕೆ! ಎದುರಿಗೆ ಅಜ್ಜಿ ಬೇರೆ. ಆಗ ಮೂಲೆಯಲ್ಲಿದ್ದ ಹಿತ್ತಾಳೆ ತಟ್ಟೆ ಕಂಡಿತು. ಅದರಲ್ಲಿ ಎಲೆ, ಅಡಿಕೆ, ರಾಶಿ ಸಕ್ಕರೆ. ಮಾತು ಗಟ್ಟಿಯಾದರೆ ಹಂಚಲೆಂದು ಇಟ್ಟದ್ದು. ಹೆಣ್ಣಿನ ತಂದೆ ಆ ಸಕ್ಕರೆ ಬಾಯಿಗೆ ಹಾಕಿಕೊಂಡರೆ ಸಂಬಂಧ ಒಪ್ಪಿದಂತೆ ಲೆಕ್ಕ. ನಾನು ಕೂತಲ್ಲಿಂದಲೇ ಜಾರಿ ಒಂದು ಹಿಡಿ ಮುಕ್ಕಿದೆ, ಮೇಲೆ ಇನ್ನೊಂದು.

ಮೊದಲು ಬಾಯಿ ಬಿಟ್ಟವರು ಅಜ್ಜಿ. “ಮಗಳ ಸಲುವಾಗಿ ದೇವರ ಹರಕಿನೂ ಮುರಿದ್ರು ನೋಡವ್ವ. ಎಂಥಾ ತಂದಿ!” ಎಂದು ಕಣ್ಣೊರೆಸಿಕೊಂಡರು. ಅಷ್ಟರಲ್ಲಿ ಯಾರೋ ಪಕ್ಕದ ಮನೆಗಳಿಗೆ ಸಕ್ಕರೆ ಹಂಚಲು ಓಡಿಯೂ ಆಗಿತ್ತು. ಶರಣಮ್ಮ ನನ್ನನ್ನು ನೋಡಿದ ನೋಟವನ್ನು ಬರೆಯದಿರುವುದೇ ಲೇಸು.

ವಿರುಪಣ್ಣ ಮಾತ್ರ ನನ್ನ ತೊಯ್ದ ಅಂಗಿಯನ್ನೇ ನೋಡುತ್ತಿದ್ದರು. ಪಕ್ಕಕ್ಕೆ ಬಂದು ಕೂತು ಮೆಲ್ಲಗೆ, “ಎಷ್ಟು ವರ್ಷದಿಂದ ಐತ್ರಿ, ಮಾಸ್ತರ್ರ?” ಎಂದರು.

“ಆರು” ಎಂದೆ.

“ನನಗ ಹತ್ತು. ಮೊದಲ ಊಟ ಮಾಡ್ರಿ. ಜಿಲ್ಲಾದ ಮಾತು ನೀವು ಆಡಿಲ್ಲ, ನಾ ಕೇಳಿಲ್ಲ.”

ಅಣ್ಣನಿಗೆ ಕಾಯದೆ ಎಲೆ ಹಾಕಿಸಿದರು. ಕಾಲು ಗಂಟೆಯಲ್ಲಿ ನನಗೆ ಲೋಕ ಮರಳಿ ಬಂತು; ಅದರ ಹಿಂದೆಯೇ ನಾಚಿಕೆಯೂ ಬಂತು. ಅನ್ನ ಕಲಸುತ್ತಾ, ಈ ಮನುಷ್ಯನ ಮನೆಗೆ ಮಗಳನ್ನು ಧೈರ್ಯವಾಗಿ ಕೊಡಬಹುದು ಅನ್ನಿಸಿತು.

ಮದುವೆ ಆಯಿತು. ಸಾವಿತ್ರಿ ಸುಖವಾಗಿದ್ದಾಳೆ. ಕೆಲವು ವರ್ಷಕ್ಕೆ ನಾರಾಯಣಪೇಟೆಯೂ ಜಿಲ್ಲೆಯಾಗಿ ನನಗೆ ಜಗಳಕ್ಕೆ ವಿಷಯವೇ ಉಳಿಯಲಿಲ್ಲ. ಆದರೆ ಮನೆಯಲ್ಲಿ ದೊಡ್ಡ ವಿಷಯಕ್ಕೆ ನನ್ನ ಒಪ್ಪಿಗೆ ಬೇಕಾದ ದಿನ ಅಡುಗೆ ಯಾಕೋ ತಡವಾಗುತ್ತದೆ ಎಂಬ ಗುಮಾನಿ ನನಗೆ. ಹಾಗಾಗಿ ಗ್ಲೂಕೋಸ್ ಪುಡಿ ಜೇಬಿನಲ್ಲೇ ಇರುತ್ತದೆ. ಒಂದು ಚಿಟಿಕೆಯಲ್ಲ, ಡಾಕ್ಟರು ಹೇಳಿದಷ್ಟೂ ಬಾಯಿಗೆ ಹಾಕಿಕೊಂಡು, ತಲೆ ನೆಟ್ಟಗಾಗುವವರೆಗೆ ಕಾಯ್ದು, ಆಮೇಲೆ ಶರಣಮ್ಮ ಹೇಳಿದ್ದಕ್ಕೆಲ್ಲ ಒಪ್ಪಿಕೊಳ್ಳುತ್ತೇನೆ. ಇದಕ್ಕೆ ಡಾಕ್ಟರು ಇನ್ನೂ ಮಾತ್ರೆ ಬರೆದಿಲ್ಲ.