ತಲೆಯೊಳಗಿನ ರಿಸೆಪ್ಟರೂ ಭಾಲ್ಕಿಯ ಮಾವನೂ

ಬೀದರಿನಲ್ಲಿ ಬೀಡಿ, ಸಿಗರೇಟು ಬಿಡಿಸುವ ಸಲಹಾ ಕೋಣೆಯಲ್ಲಿ ಕೂತು ವರ್ಷಗಳಾದವು. ಬಿಟ್ಟವರೆಷ್ಟು ಎಂದು ಯಾರೂ ಕೇಳಬಾರದು. ನಗೆಗೆ ಮಾತ್ರ ಬರವಿಲ್ಲ. ಒಬ್ಬನ ಪ್ರಸಂಗಗಳನ್ನಷ್ಟೇ ಹೇಳುತ್ತೇನೆ.

೧. ಬೀದರ್

ಔರಾದದ ಟೇಲರ್ ಒಬ್ಬ ಬಂದ. ಬೀಡಿ ವಾಸನೆ ತಾಳದೆ ಹೆಂಡತಿ ಭಾಲ್ಕಿಯ ತವರಿಗೆ ಹೋಗಿ ಎರಡು ತಿಂಗಳಾಗಿತ್ತು. ಬೀಡಿ ಬಿಟ್ಟರಷ್ಟೇ ಬರುತ್ತಾಳಂತೆ.

"ಹದಿನೈದು ದಿನ ಬಿಡ್ತೇನ್ರಿ. ಒಂದು ಕ್ವಾರ್ಟರ್ ಕುಡದ್ರ ಸಾಕು, ಕೈ ತಾನೇ ಕಿಸೆಕ್ಕ ಹೋಗ್ತದ."

ಹಲಗೆಯ ಮೇಲೆ ಮೆದುಳಿನ ಚಿತ್ರ ಬರೆದೆ. "ಇದರಾಗ ನಿಕೋಟಿನ್ ಹಿಡಿಯೋ ರಿಸೆಪ್ಟರ್ ಅಂತ ಅದಾವ. ದಾರು ಒಳಗ ಹೋದ್ರ ಕೆಲವು ಇನ್ನಷ್ಟು ಚುರುಕ ಆಗ್ತಾವ. ಆಗ ಬೀಡಿ ಮಜಾನೂ ಹೆಚ್ಚು. ಅದಕ್ಕ ಎರಡೂ ಕೂಡೇ ಬಿಡಬೇಕು."

ಆತ ಚಿತ್ರವನ್ನೇ ದಿಟ್ಟಿಸಿದ. "ಅಂದ್ರ ತಪ್ಪು ನಂದಲ್ಲ. ಇದನ್ನೊಂದು ಕಾಗದದ ಮ್ಯಾಲ ಬರದು ಆಫೀಸಿನ ಸಿಕ್ಕಾ ಹೊಡದು ಕೊಡ್ರಿ, ಮಾವನ ಮನಿಗೆ ಕಳಸ್ತೇನಿ."

೨. ಔರಾದ

ತಿಂಗಳ ಬಳಿಕ ಶಿಬಿರಕ್ಕೆಂದು ಔರಾದಕ್ಕೆ ಹೋದಾಗ ಅವನ ಅಂಗಡಿಗೂ ಹೋದೆ. ಬೀಡಿಯೂ ಇಲ್ಲ, ಕುಡಿತವೂ ಇಲ್ಲ. ನನಗೆ ನಿಜಕ್ಕೂ ಖುಷಿಯಾಯಿತು. ಗೆಳೆಯರು ಕುಡಿಯಲು ಕರೆದರೆ ಏನು ಹೇಳುತ್ತಿ ಎಂದೆ.

"ನನ್ನ ತಲ್ಯಾಗ ರಿಸೆಪ್ಟರ್ ಅದಾವ ಅಂತ ಹೇಳ್ತೇನ್ರಿ."

"ಅಷ್ಟಕ್ಕೇ ಬಿಡ್ತಾರೇನು?"

"ಬಿಡೋದೇನ್ರಿ, ಬಾಳೆಹಣ್ಣು ತಗೊಂಡು ನೋಡಾಕ ಬರ್ತಾರ."

೩. ಭಾಲ್ಕಿ

ಮರುವಾರ ಹೆಂಡತಿಯನ್ನು ಕರೆತರಲು ಹೋದವನು ಮಧ್ಯಾಹ್ನವೇ ಫೋನ್ ಮಾಡಿದ. ಅಳುವುದೊಂದು ಬಾಕಿ. ಅಳಿಯ ಬಂದನೆಂಬ ಸಂಭ್ರಮಕ್ಕೆ ಮಾವ ಬಾಟಲಿ ತೆರೆದಿದ್ದಾರೆ. ಇವನು ಒಲ್ಲೆನೆಂದು ರಿಸೆಪ್ಟರ್ ಕಥೆ ಹೇಳಿದ್ದಾನೆ. "ತಲ್ಯಾಗಿನ ರೋಗ ಮುಚ್ಚಿಟ್ಟು ಲಗ್ನ ಮಾಡ್ಕೊಂಡಿ, ಮಗಳನ್ನ ಕಳಸಂಗಿಲ್ಲ" ಎಂದು ಮಾವ ಹಟ ಹಿಡಿದಿದ್ದಾರೆ.

ಫೋನನ್ನು ಎಲ್ಲರಿಗೂ ಕೇಳುವಂತೆ ಇಡಿಸಿ ಹೇಳಿದೆ: "ಅದು ರೋಗ ಅಲ್ಲರಿ. ಎಲ್ಲಾರ ತಲ್ಯಾಗೂ ಇರ್ತಾವ."

"ನನ್ನ ತಲ್ಯಾಗೂ?" ಮಾವನ ದನಿ ಇಳಿಯಿತು.

"ಹೌದ್ರಿ. ಬೀಡಿ ಸೇದ್ತೀರೇನು?"

ಅತ್ತೆ ನಡುವೆ ಬಾಯಿ ಹಾಕಿದರು: "ಬಾಟಲಿ ತೆರದ ದಿನ ಎರಡು ಕಟ್ಟು ಬೀಡಿರಿ!"

"ಹಂಗಾದ್ರ ಅವರವು ಭಾಳ ಚುರುಕ ಅದಾವ್ರಿ. ಅಳಿಯಂದ್ರವು ಈಗ ಶಾಂತ ಅದಾವ."

ಪಾತ್ರೆಗಳನ್ನು ದಡಬಡ ಕೆಳಗಿಟ್ಟ ಸದ್ದಾಯಿತು. ಆಮೇಲೆ ಅತ್ತೆ ತೀರ್ಪು ಕೊಟ್ಟರು:

"ಮಗಳನ್ನ ಈಗೇ ಕಳಸ್ತೇನ್ರಿ. ಅದೇ ಬಸ್ಸಿಗೆ ಇವರನ್ನೂ ಹತ್ತಸ್ತೇನಿ. ಇವರವು ಶಾಂತ ಆಗೋತನಕ ಅಳಿಯನ ಮನ್ಯಾಗೇ ಇರ್ಲಿ!"