ದಾಸವಾಳದ ಉಪವಾಸ

ನನ್ನ ಸೋದರತ್ತೆಯ ಮನೆಗೆ ಹೋದರೆ ನಿಮಗೆ ಚಹಾ ಸಿಗುವ ಮೊದಲು ಅವರ ಗಿಡಗಳಿಗೆ ನಿಮ್ಮ ಉಸಿರು ಸಿಗಬೇಕು! ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಅವರದೊಂದು ಪುಟ್ಟ ಮನೆ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದವರು. ನಿವೃತ್ತಿ ಸರ್ಕಾರದ ಪಾಲಿಗೆ ಮಾತ್ರ, ಪಾಠ ನಿಂತಿಲ್ಲ. ಬಂದವರನ್ನೆಲ್ಲ ಕುಂಡಗಳ ನಡುವೆ ಕೂರಿಸಿ, "ಕೂಡ್ರಿ, ಇಲ್ಲೇ ಮಾತಾಡ್ರಿ. ನೀವು ಬಿಟ್ಟ ಗಾಳಿ ಇವಕ್ಕ ಅಡುಗೆ ಸಾಮಾನು," ಎನ್ನುತ್ತಾರೆ.

ಹರಿಹರದಲ್ಲಿ ನಮ್ಮ ಬಂಧುವೊಬ್ಬರಿದ್ದಾರೆ. ಬಾಯಿ ತೆರೆದರೆ ತುಂಗಭದ್ರೆಯ ಪ್ರವಾಹ! ಅವರನ್ನು ಕಂಡರೆ ನಾವೆಲ್ಲ ಹಿತ್ತಲ ಬಾಗಿಲು ಹುಡುಕುತ್ತೇವೆ. ಅತ್ತೆ ಮಾತ್ರ ಫೋನ್ ಮಾಡಿ ಕರೆಸಿಕೊಳ್ಳುತ್ತಾರೆ. ಯಾವ ಗಿಡ ಸೊರಗಿದೆಯೋ ಅದರ ಪಕ್ಕದಲ್ಲಿ ಅವರ ಕುರ್ಚಿ!

"ಬಯಲಾಗ ಬಿಟ್ಟ ಉಸಿರು ಎಲ್ಲಿಗೋ ಹೋಗ್ತೈತೆ ಅತ್ತೆ, ಗಿಡಕ್ಕ ಎಷ್ಟು ಸಿಕ್ಕೀತು?" ಎಂದು ನಾನೊಮ್ಮೆ ಕೇಳಿದೆ.

"ದೇವರಿಗೆ ಎಡೆ ಇಟ್ಟಾಗ ಎಷ್ಟು ತಿಂದ ಅಂತ ತೂಗಿ ನೋಡ್ತೀಯೇನು?"

ವಿಜ್ಞಾನದ ಟೀಚರು ಕಣ್ರೀ!

ಕೊಂಡಜ್ಜಿ ಕೆರೆಯಿಂದ ನೀರಿನ ಕಳೆ ಕಿತ್ತು, ಸ್ಟೀಲ್ ಡಬ್ಬಿಯಲ್ಲಿ ತುಂಬಿಕೊಂಡು ಬಸ್ ಹತ್ತಿದ್ದೂ ಇವರೇ. "ಏನ್ರಮ್ಮಾ ಸೊಪ್ಪು, ಸಾರಿಗಾ?" ಎಂದ ಕಂಡಕ್ಟರ್. "ಅಲ್ಲಪ್ಪಾ, ಗುಳ್ಳೆಗೆ!" ಮೈಮೇಲೆದ್ದ ಗುಳ್ಳೆಗೆ ಔಷಧಿ ಎಂದುಕೊಂಡ ಅವನು ಮೂರು ಸೀಟು ಆಚೆ ಸರಿದ. ಮನೆಗೆ ಬಂದು ಕಳೆಯನ್ನು ಗಾಜಿನ ಲೋಟದ ನೀರಲ್ಲಿ ಮುಳುಗಿಸಿ ಕಿಟಕಿಯಲ್ಲಿಟ್ಟರು. ಬಿಸಿಲು ಬಿದ್ದರೆ ಗುಳ್ಳೆಗಳ ಸರಮಾಲೆ. ಮೋಡ ಕವಿದರೆ ಒಂದೊಂದೇ. ಏಪ್ರಿಲ್ ಮಧ್ಯಾಹ್ನ ಲೋಟದ ನೀರು ಸುಡತೊಡಗಿದಾಗ ಅದೂ ಬಂದ್. "ನೋಡಿದ್ಯಾ? ಅಡುಗೆಗೆ ಒಲೆ ಬೇಕು. ಅಡುಗೆಮನೆಗೇ ಬೆಂಕಿ ಬಿದ್ರ ಹೆಂಗೆ?" ದ್ಯುತಿಸಂಶ್ಲೇಷಣೆ ಎಂಬ ನಾಲಗೆ ಹೊರಳದ ಪಾಠ ನನಗೆ ಅರ್ಥವಾದದ್ದು ಆವತ್ತೇ.

ಇಂಥವರ ಪಕ್ಕದ ಹೋಟೆಲಿನವನು ಹೊಸದೊಂದು ಬೋರ್ಡು ನಿಲ್ಲಿಸಿದ. ಎಂಥ ಬೋರ್ಡು! ಅತ್ತೆಯ ದಾಸವಾಳದ ಮೇಲೆ ದಿನವಿಡೀ ಅದರದೇ ನೆರಳು. ಗಿಡ ಬಿಳಿಚಿತು, ಮೊಗ್ಗು ಉದುರಿತು. ಬೇರೆಯವರಾಗಿದ್ದರೆ ಜಗಳಕ್ಕೆ ಹೋಗುತ್ತಿದ್ದರು. ಅತ್ತೆ ಎರಡು ಎಲೆ ಕಿತ್ತರು. ಒಂದು ನೆರಳಿನ ಗಿಡದ್ದು, ಒಂದು ತಾರಸಿಯ ಬಿಸಿಲಿನ ದಾಸವಾಳದ್ದು. ಮನೆಯಲ್ಲೇ ಅವನ್ನು ಬೇಯಿಸಿ, ಸ್ಪಿರಿಟ್ಟಿನಲ್ಲಿಟ್ಟು ಹಸಿರು ತೆಗೆದು, ಅಯೋಡಿನ್ ಬಾಟಲಿ ಸಮೇತ ನನ್ನನ್ನೂ ಎಳೆದುಕೊಂಡು ಹೋಟೆಲಿಗೆ ನುಗ್ಗಿದರು.

ಬೆಣ್ಣೆದೋಸೆಯ ಹೊತ್ತು. ಗಲ್ಲಾದ ಮೇಲೆ ಎರಡು ತಟ್ಟೆ ಇಟ್ಟು, ಎಲೆಗಳ ಮೇಲೆ ಅಯೋಡಿನ್ ಹನಿಸಿ, ಕ್ಲಾಸಿನ ಕೊನೆಯ ಬೆಂಚಿಗೂ ಮುಟ್ಟುವ ದನಿಯಲ್ಲಿ ಅತ್ತೆ ಕೇಳಿದರು:

"ಯಾವ ಎಲೆ ಕಪ್ಪಾತು, ನೀವೇ ಹೇಳ್ರಿ!"

"ಈ ಕಡೀದ್ರಿ," ಎಂದ ಮಾಲೀಕ, ತಬ್ಬಿಬ್ಬಾಗಿ.

"ಅದು ಬಿಸಿಲಿನ ಎಲೆ. ಹೊಟ್ಟೆ ತುಂಬ ಉಂಡೈತೆ, ಒಳಗ ಪಿಷ್ಟ ಐತೆ, ಅದಕ್ಕ ಕಪ್ಪು. ಇನ್ನೊಂದು ನಿಮ್ಮ ಬೋರ್ಡಿನ ಕೆಳಗಿಂದು. ಉಪವಾಸ!"

ದೋಸೆ ಮುರಿಯುತ್ತಿದ್ದ ಕೈಗಳು ನಿಂತವು. ಮಾಲೀಕ ಕೈಮುಗಿದ. "ಅಮ್ಮಾರೆ, ಮೆಲ್ಲಗೆ ಮಾತಾಡ್ರಿ! ಹೋಟ್ಲಾಗ ನಿಂತು ಉಪವಾಸ ಅಂದ್ರ ನಮ್ಮ ಗತಿ ಏನ್ರಿ? ನಾಳೆನೇ ಬೋರ್ಡು ಸರಿಸ್ತೀನಿ."

ಗೆದ್ದ ಖುಷಿಯಲ್ಲಿ ನಾನು ನಗುತ್ತಾ ಹೊರಬಂದೆ. ಮೆಟ್ಟಿಲಲ್ಲಿ ಅತ್ತೆ ನನ್ನ ತೋಳು ಹಿಡಿದುಕೊಂಡರು. ಹಿಂದೆಂದೂ ಹಿಡಿದವರಲ್ಲ.

"ನಿಜ್ವಾಗ್ಲೂ ಕಪ್ಪಾಗಿತ್ತೇನೋ?" ಎಂದರು, ಮೆಲ್ಲಗೆ.

"ನೀವೇ ನೋಡಿದ್ರಲ್ಲ ಅತ್ತೆ!"

"ಇಲ್ಲಪ್ಪ. ನನಗ ಎರಡೂ ಒಂದೇ ಥರ ಕಂಡ್ವು. ನರ ಒಣಗ್ತಾ ಐತೆ, ಕಣ್ಣು ಇನ್ನು ಸುಧಾರಸಂಗಿಲ್ಲ ಅಂದಾರ ಡಾಕ್ಟ್ರು. ನಿಮ್ಮಪ್ಪಗ ಹೇಳಬ್ಯಾಡ."

ಬೀದಿ ತುಂಬ ಬಿಸಿಲಿತ್ತು. ಬಿಸಿಲಿನ ಎಲೆಯಲ್ಲಿ ಅಂಚಿನಿಂದ ನೀಲಿ ಹೇಗೆ ಹರಡಿತು, ಆ ನೀಲಿ ಹೇಗೆ ಕಪ್ಪಿಗೆ ತಿರುಗಿತು ಎಂದು ಒಂದೊಂದಾಗಿ ಹೇಳತೊಡಗಿದೆ. ಅತ್ತೆ ಮೊದಲ ಬೆಂಚಿನ ಹುಡುಗಿಯ ಹಾಗೆ ಕಿವಿಗೊಟ್ಟು ಕೇಳಿದರು.

ಗೇಟು ಬಂದಾಗ, "ಇನ್ನೊಮ್ಮೆ ಹೇಳು," ಎಂದರು.